ಅಂತಿಮ ಪಂದ್ಯದ ಬೆಳಗಿನ ಕ್ಷೌರ

ಸೇನಾ ಅಕಾಡೆಮಿಯ ಕ್ಷೌರದಂಗಡಿಯಲ್ಲಿ ಆರು ಕುರ್ಚಿ, ಆರು ಕನ್ನಡಿ, ಒಂದೇ ಒಂದು ಫ್ಯಾನು. ಆ ಫ್ಯಾನು ತಿರುಗುತ್ತಿದ್ದದ್ದು ಮೊದಲ ಕುರ್ಚಿಯ ಮೇಲೆ, ಮೊದಲ ಕುರ್ಚಿ ಹಿರಿಯ ಕ್ಷೌರಿಕನದು. ಇಪ್ಪತ್ತೆರಡು ವರ್ಷ ದುಡಿದದ್ದಕ್ಕೆ ನನಗೆ ಸಿಕ್ಕ ಪದಕ ಇದೇ ಎಂದು ಅವನು ಫ್ಯಾನಿನ ಕಡೆ ಬೆರಳು ಮಾಡಿ ನಗುತ್ತಿದ್ದ. ವಾರಕ್ಕೊಂದು ಸಲ ನಾನೂರು ಕೆಡೆಟ್‌ಗಳ ತಲೆ ಆ ಆರು ಕುರ್ಚಿಗಳಲ್ಲಿ ಬಗ್ಗಿ ಏಳಬೇಕು. ಹುಡುಗರೆಂದರೆ ಏನು, ಹದಿನೆಂಟು ಹತ್ತೊಂಬತ್ತರವರು, ಕೆಲವರಿಗೆ ಗಡ್ಡ ಬೋಳಿಸುವ ಅಗತ್ಯವೇ ಇಲ್ಲ, ಆದರೂ ನಿಯಮ ನಿಯಮವೇ. ಅವರನ್ನೆಲ್ಲ ಇವನು ‘ಸರ್’ ಎನ್ನಬೇಕು, ಅವರು ಇವನನ್ನು ‘ಅಂಕಲ್’ ಎನ್ನುತ್ತಾರೆ.

ತಲೆ ಹಿಡಿಯುವವನಿಗೆ ಎಲ್ಲವೂ ಗೊತ್ತಾಗುತ್ತದೆ. ಯಾರ ಕಿವಿಯ ಹಿಂದೆ ಬರೆ ಬಿದ್ದಿದೆ, ಯಾರಿಗೆ ಹತ್ತೊಂಬತ್ತಕ್ಕೇ ಕೂದಲು ಉದುರುತ್ತಿದೆ, ಯಾರು ಮನೆ ನೆನೆದು ಬಟ್ಟೆಯ ಒಳಗೆ ಮೂಗು ಒರೆಸಿಕೊಳ್ಳುತ್ತಿದ್ದಾರೆ, ಎಲ್ಲವೂ. ಆದರೆ ಅವನಿಗೆ ಕೆಲಸ ಕಲಿಸಿದ ಮುದುಕ ಕತ್ತರಿ ಕೈಗೆ ಕೊಡುವ ಮೊದಲೇ ಒಂದು ಮಾತು ಹೇಳಿದ್ದ: ಕುರ್ಚಿಯಲ್ಲಿ ಕಂಡದ್ದು ಕುರ್ಚಿಯಲ್ಲೇ. ಎದ್ದು ಹೋದವನ ಸುದ್ದಿ ಎದ್ದು ಹೋಗಬಾರದು. ಇಪ್ಪತ್ತೆರಡು ವರ್ಷ ಆ ಮಾತನ್ನು ಮೀರದೆ ನಡೆದುಕೊಂಡು ಬಂದಿದ್ದ. ಕೆಡೆಟ್‌ಗಳು ಅವನೆದುರು ಬಾಯಿ ಬಿಡುತ್ತಿದ್ದದ್ದೇ ಅದಕ್ಕೆ.

ವರ್ಷದ ಹಿಂದೆ ಅವನ ಮಗನೂ ಪರೀಕ್ಷೆ ಬರೆದು, ಸಂದರ್ಶನ ಗೆದ್ದು, ಅದೇ ಅಕಾಡೆಮಿಯ ಗೇಟಿನೊಳಗೆ ಪೆಟ್ಟಿಗೆ ಹೊತ್ತುಕೊಂಡು ಬಂದ. ಆ ದಿನ ಕ್ಷೌರಿಕನ ಹೆಂಡತಿ ಕ್ವಾರ್ಟರ್ಸಿನ ಸಾಲಿನಲ್ಲಿ ಮನೆಮನೆಗೂ ಹೋಗಿ ಹೇಳಿ ಬಂದಳು. ಹುಡುಗನಿಗೆ ನಾಚಿಕೆ ಗೀಚಿಕೆ ಏನೂ ಇರಲಿಲ್ಲ. ಮೊದಲ ದಿನವೇ ನೇರವಾಗಿ ಬಂದು ಮೊದಲ ಕುರ್ಚಿಯಲ್ಲಿ ಕೂತು, ಎಲ್ಲರಿಗೂ ಕೇಳುವ ಹಾಗೆ, “ಅಪ್ಪಾ, ಎಲ್ಲ ಬೋಳಿಸ್ಬಿಡಿ” ಎಂದ. ಉಳಿದ ಕೆಡೆಟ್‌ಗಳು ಹೋ ಎಂದು ನಕ್ಕರು, ಅಂದಿನಿಂದ ಅವನ ಅಡ್ಡಹೆಸರು ‘ಕತ್ತರಿ’ ಆಯಿತು. ನಾಚಿದ್ದು ಅಪ್ಪನೇ. ಭಾನುವಾರ ಮಗ ಮನೆಗೆ ಬಂದಾಗ, “ಗೇಟಿನೊಳಗೆ ನೀನು ಸಾಹೇಬ, ನಾನು ನೌಕರ. ಜನ ನಾಲ್ಕು ಮಾತಾಡ್ತಾರೆ. ನನ್ನ ಕುರ್ಚಿಗೆ ಬರಬೇಡ” ಎಂದು ತಾಕೀತು ಮಾಡಿದ. ಆಮೇಲೆ ಹುಡುಗ ಮೂರನೇ ಕುರ್ಚಿಗೆ, ಅಂದರೆ ಅಲ್ಲೇ ಕೆಲಸಕ್ಕಿದ್ದ ಸೋದರಮಾವನ ಹತ್ತಿರ ತಲೆ ಕೊಡತೊಡಗಿದ. ಅಪ್ಪ ಕನ್ನಡಿಯಲ್ಲೇ ಓರೆಗಣ್ಣಿನಿಂದ ನೋಡಿ ತೃಪ್ತಿಪಟ್ಟುಕೊಳ್ಳುತ್ತಿದ್ದ.

ಆದರೆ ಈ ಶನಿವಾರ ಮಗ ಅವನ ಕುರ್ಚಿಗೇ ಬರಬೇಕಿತ್ತು. ಅಂತರ-ಕಂಪನಿ, ಅಂದರೆ ಕೆಡೆಟ್ ತುಕಡಿಗಳ ನಡುವಿನ, ಬಾಕ್ಸಿಂಗ್ ಫೈನಲ್ಲಿನ ಬೆಳಿಗ್ಗೆ, ರಿಂಗಿಗೆ ಇಳಿಯುವ ಹದಿನಾರು ಜನಕ್ಕೂ ಹಿರಿಯ ಕ್ಷೌರಿಕನೇ ತಲೆಗೂದಲು ಕತ್ತರಿಸಿ, ಮುಖ ಬೋಳಿಸಬೇಕು. ಅಕಾಡೆಮಿ ಶುರುವಾದಾಗಿನಿಂದ ಬಂದ ಪದ್ಧತಿ ಅದು. ಕೂದಲು ಉಗುರಿನಷ್ಟೂ ಉದ್ದ ಇರಬಾರದು, ಕೆನ್ನೆ ಮೇಲೆ ಕೈಯಾಡಿಸಿದರೆ ತಡೆಯಬಾರದು. ಬಾಕ್ಸಿಂಗ್ ಕಲಿಸುವ ಉಸ್ತಾದ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ನೆತ್ತಿಗೂ ಹೆಬ್ಬೆರಳ ಉಗುರು ಹಚ್ಚಿ ನೋಡಿ, ‘ನಡಿ’ ಎನ್ನುತ್ತಿದ್ದ.

ಮಗ ಒಂಬತ್ತನೆಯವನಾಗಿ ಬಂದು ಕೂತ. ಅಪ್ಪ ಬಟ್ಟೆ ಹೊದಿಸಿ, ಕುತ್ತಿಗೆಯ ಹಿಂದೆ ಗಂಟು ಹಾಕಿ, “ತಲೆ ಬಗ್ಗಿಸಿ ಸರ್” ಎಂದ. ಮಗ ಕನ್ನಡಿಯಲ್ಲಿ ಕಣ್ಣು ಮಿಟುಕಿಸಿ ತಲೆ ಬಗ್ಗಿಸಿದ. ಮಷೀನು ಗುಂಯ್ ಎನ್ನುತ್ತ ಬಲಗಡೆ ಏರಿತು, ನೆತ್ತಿ ದಾಟಿತು, ಎಡಗಿವಿಯ ಹಿಂದೆ ಇಳಿಯಿತು. ಅಲ್ಲಿ ತಾಗುತ್ತಿದ್ದಂತೆಯೇ ಹುಡುಗನ ಭುಜಗಳೆರಡೂ ಕಿವಿಯವರೆಗೆ ಜಿಗಿದವು.

ಕ್ಷೌರಿಕ ಮಷೀನು ಆರಿಸಿ ಬೆರಳಿಟ್ಟ. ಕಿವಿಯ ಮೇಲ್ಭಾಗದಿಂದ ಹಿಂದಕ್ಕೆ ಅಂಗೈಯಗಲ ಊತ. ಪೆಟ್ಟು ಬಿದ್ದರೆ ಏಳುವ ಗಟ್ಟಿ ಬುಗುಟು ಅವನಿಗೆ ಗೊತ್ತಿರಲಿಲ್ಲವೇ, ದಿನಕ್ಕೆ ಹತ್ತು ಮುಟ್ಟುತ್ತಿದ್ದ. ಇದು ಹಾಗಿರಲಿಲ್ಲ. ಹಣ್ಣಾಗಿ ಮೀರಿದ ಪರಂಗಿಯ ಹಾಗೆ, ಒತ್ತಿದ ಬೆರಳು ಒಳಗಿಳಿಯಿತು.

“ಇದೇನು?” ಎಂದ, ತುಟಿ ಅಲುಗಿಸದೆ.

“ಏನಿಲ್ಲ.”

“ಏನಿಲ್ಲ ಅಂದ್ರೆ?”

“ಸೋಮವಾರ ಪ್ರಾಕ್ಟೀಸಲ್ಲಿ ಜಾರಿ ಬಿದ್ದೆ. ರಿಂಗಿನ ಕಂಬ ತಾಗ್ತು. ಮಷೀನ್ ಹಾಕಿ ಅಪ್ಪಾ, ಹಿಂದೆ ಕ್ಯೂ ನಿಂತಿದೆ.”

ಅಪ್ಪ ಗಲ್ಲ ಹಿಡಿದು ಮಗನ ಮುಖವನ್ನು ಕನ್ನಡಿಯತ್ತ ಎತ್ತಿದ. ಜೀವನವಿಡೀ ಕನ್ನಡಿಯಲ್ಲೇ ಮುಖ ನೋಡಿದವನು ಅವನು, ಮೀಸೆಯ ಎರಡು ತುದಿಯಲ್ಲಿ ಒಂದೆಳೆ ವ್ಯತ್ಯಾಸವಿದ್ದರೂ ಹಿಡಿಯುತ್ತಿದ್ದ. ಮಗನ ಬಲಗಣ್ಣಿನ ನಡುವಿನ ಕಪ್ಪು ಪಾಪೆ ಸಣ್ಣಗಿತ್ತು. ಎಡಗಣ್ಣಿನದು ಅದಕ್ಕಿಂತ ಒಂದಿಷ್ಟು ದೊಡ್ಡದಿತ್ತು.

“ತಲೆ ನೋಯುತ್ತಾ?”

“ಸ್ವಲ್ಪ.”

“ವಾಂತಿ?”

ಹುಡುಗ ಬಾಗಿಲಲ್ಲಿದ್ದ ಉಸ್ತಾದನ ಕಡೆ ಕಣ್ಣು ಹಾಯಿಸಿದ. ಆಮೇಲೆ, “ನಿನ್ನೆ ಎರಡ್ಸಲ. ಇವತ್ತು ಒಂದ್ಸಲ. ಫೈನಲ್ ಟೆನ್ಷನ್ನು ಅಷ್ಟೇ” ಎಂದ.

“ಡಾಕ್ಟರಮ್ಮನಿಗೆ ತೋರಿಸಿದ್ಯಾ?”

“ನಿಮಗೆ ಗೊತ್ತಿಲ್ವಾ ಅಪ್ಪಾ?” ಹುಡುಗನ ದನಿ ಇನ್ನೂ ಇಳಿಯಿತು. “ತಲೆಗೆ ಪೆಟ್ಟು ಅಂದ್ರೆ ಕಣ್ಮುಚ್ಚಿ ನಾಲ್ಕು ವಾರ ರೆಸ್ಟ್ ಬರೀತಾರೆ. ಮೂರು ವಾರ ದಾಟಿದ್ರೆ ಆರು ತಿಂಗಳು ಹಿಂದಕ್ಕೆ ಹಾಕ್ತಾರೆ. ಈಜಲ್ಲಿ ಫೇಲಾಗಿ ಒಂದ್ಸಲ ಹಿಂದೆ ಬಿದ್ದಾಗಿದೆ. ಎರಡನೇ ಸಲ ಅಂದ್ರೆ ಪೆಟ್ಟಿಗೆ ಕಟ್ಟಿ ಮನೆಗೆ ಹೋಗೋದೇ. ಒಂಬತ್ತು ನಿಮಿಷದ ಪಂದ್ಯ. ಮುಗಿದ ತಕ್ಷಣ ನಾನೇ ಹೋಗಿ ಬೇಕಾದ್ರೆ ಒಂದು ವಾರ ಮಲಗ್ತೀನಿ.”

“ಆದ್ರೂ...”

“ಅಪ್ಪಾ.” ಮಗ ಕನ್ನಡಿಯೊಳಗಿಂದಲೇ ನೇರವಾಗಿ ನೋಡಿದ. “ಕುರ್ಚೀಲಿ ಕಂಡಿದ್ದು ಕುರ್ಚೀಲೇ. ಯಾರ್ಯಾರಿಗೋ ನಡೆಸಿಕೊಟ್ಟಿದ್ದೀರಿ, ನನಗೆ ನಡೆಸಿಕೊಡಲ್ವಾ?”

ಕ್ಷೌರಿಕನ ಬಾಯಿಗೆ ಬೀಗ ಬಿತ್ತು. ಆದರೆ ಆ ಬೀಗದ ಹಿಂದೆ ಏನಿತ್ತೆಂದು ಮಗನಿಗೆ ಗೊತ್ತಿರಲಿಲ್ಲ. ಆರು ವರ್ಷದ ಹಿಂದೆ, ಇದೇ ಕುರ್ಚಿಯಲ್ಲಿ, ಬಿದಿರಿನಂತೆ ಉದ್ದಕ್ಕೆ ಬೆಳೆದ ಒಬ್ಬ ಕೆಡೆಟ್ ಕೂತಿದ್ದ. ಫುಟ್‌ಬಾಲ್ ಆಡುವಾಗ ಗೋಲಿನ ಕಂಬಕ್ಕೆ ತಲೆ ಹೊಡೆಸಿಕೊಂಡಿದ್ದ. ಅವನ ತಲೆಯಲ್ಲೂ ಇಂಥದೇ ಮೆತ್ತನೆಯ ಊತ ಇವನ ಬೆರಳಿಗೆ ಸಿಕ್ಕಿತ್ತು. ‘ಯಾರಿಗೂ ಹೇಳ್ಬೇಡಿ ಅಂಕಲ್’ ಎಂದಿದ್ದ, ಇವನು ಹೇಳಿರಲಿಲ್ಲ. ಮೂರನೆಯ ಬೆಳಿಗ್ಗೆ ಓಟದ ಸಾಲಿನಲ್ಲಿ ಹುಡುಗ ಮುಗ್ಗರಿಸಿ ಬಿದ್ದವನು ಮತ್ತೆ ಏಳಲಿಲ್ಲ. ಅವನ ತಂದೆ ತಾಯಿ ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದಾಗ ಕ್ಷೌರಿಕ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ. ಈ ಸಂಗತಿಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಈಗ ಮತ್ತೆ ಅದೇ ಊತ, ಅದೇ ಮಾತು. ಹೇಳಿದರೆ ಮಗನ ಬದುಕು ಹಾಳು, ಹೇಳದಿದ್ದರೆ ಮಗನೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಮುಖಕ್ಕೆ ನೊರೆ ಹಚ್ಚಿ, ರೇಜರಿಗೆ ಹೊಸ ಬ್ಲೇಡು ಹಾಕಿ, ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರುವಷ್ಟರಲ್ಲಿ ಹೆದರಿದ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಮುಖದಲ್ಲಿ ಹಸಿ ಗಾಯವಿದ್ದವನನ್ನು ರಿಂಗಿಗೆ ಬಿಡುವುದಿಲ್ಲ, ಅದು ನಿಯಮ. ಹುಬ್ಬು ಕುಯ್ದರೆ ಸಾಕು. ರಕ್ತ ಸುರಿಯುತ್ತದೆ, ಹೊಲಿಗೆಗೆ ಆಸ್ಪತ್ರೆಗೆ ಕಳಿಸುತ್ತಾರೆ, ಡಾಕ್ಟರಮ್ಮ ತಲೆ ಹಿಡಿದೇ ಹಿಡಿಯುತ್ತಾಳೆ, ಊತ ಕಂಡೇ ಕಾಣುತ್ತದೆ. ತಾನು ಬಾಯಿ ಬಿಟ್ಟಂತೆಯೂ ಆಗುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು!

“ಕಣ್ಣು ಮುಚ್ಚಿ ಸರ್” ಎಂದ. ಮಗ ನಂಬಿ ಕಣ್ಣು ಮುಚ್ಚಿದ. ಅಪ್ಪ ಆ ಮುಚ್ಚಿದ ಕಣ್ಣನ್ನೊಮ್ಮೆ ನೋಡಿದ. ಆದರೂ ರೇಜರಿನ ತುದಿಯನ್ನು ಎಡಹುಬ್ಬಿನ ಮೇಲಿಟ್ಟು ಎಳೆದ.

ರಕ್ತ ಚಿಮ್ಮಿತು. ಮಗ “ಸ್” ಎಂದ. ಸಾಲಿನಲ್ಲಿ ನಿಂತವರು “ಅಯ್ಯೋ ಅಂಕಲ್!” ಎಂದರು. ಅಷ್ಟರಲ್ಲಿ ಆದದ್ದೇ ಬೇರೆ. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಬ್ಲೇಡು ತಾಗಿದ್ದೇ ತಡ, ಅವನನ್ನು ಕೇಳದೆಯೇ ಅವನ ಎಡಗೈ ಹಲಗೆಯ ಮೇಲಿದ್ದ ಪಟಿಕದ ಉಂಡೆ ಎತ್ತಿಕೊಂಡು ಗಾಯಕ್ಕೆ ಒತ್ತಿ ಹಿಡಿದಿತ್ತು! ರಕ್ತ ನಿಲ್ಲಿಸುವುದಕ್ಕೆಂದೇ ಇಟ್ಟುಕೊಂಡ ಪಟಿಕ ಅದು. ಅವನಿಗೆ ಎಚ್ಚರವಾಗಿ ಕೈ ತೆಗೆದಾಗ ರಕ್ತ ಅರ್ಧ ನಿಂತೇ ಹೋಗಿತ್ತು. ತನ್ನ ಕೈಯನ್ನು ತಾನೇ ಕಚ್ಚಬೇಕೆನಿಸಿತು ಅವನಿಗೆ.

ಉಸ್ತಾದ್ ಎರಡೇ ಹೆಜ್ಜೆಯಲ್ಲಿ ಬಂದು ಹುಬ್ಬು ಬಿಡಿಸಿ ನೋಡಿದ. “ಏನಯ್ಯಾ, ಇವತ್ತೇ ಆಗ್ಬೇಕಿತ್ತಾ ನಿಂಗೆ?” ಎಂದು ಗದರಿದವನು ಮರುಕ್ಷಣವೇ ಶಿಳ್ಳೆ ಹಾಕಿದ. “ಆದ್ರೂ ಎಂಥಾ ಕೈಯಯ್ಯಾ ನಿಂದು! ತಪ್ಪಿ ಕುಯ್ದಿದ್ದೂ ಎಷ್ಟು ನೀಟಾಗಿದೆ ನೋಡು. ಹರಿದಿದ್ರೆ ಕಷ್ಟ ಇತ್ತು. ಇದು ಸಂಜೆಯೊಳಗೆ ಕೂಡ್ಕೊಳ್ಳುತ್ತೆ.” ಜೇಬಿನಿಂದ ಸಣ್ಣ ಪಟ್ಟಿ ತೆಗೆದು ಎರಡು ಕಡೆಯ ಚರ್ಮ ಸೇರಿಸಿ ಅಂಟಿಸಿದ. ಹುಡುಗರ ಹುಬ್ಬು ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಮಗ ಎದ್ದು ಬಟ್ಟೆ ಕೊಡವಿ, ಅಪ್ಪನ ಮುಖ ನೋಡಿ ತಪ್ಪು ತಿಳಿದ. ಹತ್ತಿರ ಬಂದು ಮೊಣಕೈ ಒತ್ತಿ, “ಇರ್ಲಿ ಬಿಡಿ ಅಪ್ಪಾ. ನಂಗಿಂತ ನಿಮಗೇ ಜಾಸ್ತಿ ಭಯ” ಎಂದ. ಉಳಿದ ಏಳು ಜನಕ್ಕೆ ಹೇಗೆ ಕ್ಷೌರ ಮಾಡಿದನೋ ಅವನಿಗೇ ಗೊತ್ತಿಲ್ಲ.

ಹನ್ನೊಂದು ಗಂಟೆಗೆ ಆಟಗಾರರ ತಪಾಸಣೆ. ಕ್ಷೌರಿಕ ಅಂಗಡಿಯನ್ನು ಭಾವಮೈದನಿಗೆ ಒಪ್ಪಿಸಿ ಆಸ್ಪತ್ರೆಯ ಜಗಲಿಗೆ ಹೋಗಿ ನಿಂತ. ಒಳಗೆ ಹದಿನಾರು ಹುಡುಗರು ಬನಿಯನ್ನಿನಲ್ಲಿ ಸಾಲು ನಿಂತಿದ್ದರು. ಡಾಕ್ಟರಮ್ಮ ಒಬ್ಬಳೇ, ಕಣ್ಣಿಗೆ ಕನ್ನಡಕ, ಗಟ್ಟಿ ಹೆಂಗಸು, ಯಾರಿಗೂ ಹೆದರದವಳು. ನಾಡಿ ನೋಡಿದಳು, ಎದೆ ನೋಡಿದಳು, ಹಲ್ಲು, ಬೆರಳ ಗೆಣ್ಣು, ತೂಕ ನೋಡಿದಳು. ಮಗನ ಹುಬ್ಬಿನ ಪಟ್ಟಿಯ ಮುಂದೆ ಅವಳ ಕೈ ನಿಂತಾಗ ಕ್ಷೌರಿಕ ಉಸಿರು ಹಿಡಿದ. ಹಿಡಿ ತಾಯೀ, ತಲೆ ಹಿಡಿ, ಅಲ್ಲಿಂದ ಒಂದು ಗೇಣು ಹಿಂದೆ ಹೋಗು! ಉಸ್ತಾದ್ ಏನೋ ಹೇಳಿದ, ಕ್ಷೌರ ಎನ್ನುವಂತೆ ಕೆನ್ನೆ ಮೇಲೆ ಬೆರಳು ಎಳೆದು ತೋರಿಸಿದ. ಅವಳು ನಕ್ಕು, ಕಾಗದದ ಮೇಲೆ ಗುರುತು ಹಾಕಿ, ಮುಂದಿನವನನ್ನು ಕರೆದಳು.

ಹೊರಗೆ ಬಂದ ಡಾಕ್ಟರಮ್ಮ ಅವನ ಪಕ್ಕದಲ್ಲೇ ಹಾದುಹೋದಳು. “ಏನು ಅಂಕಲ್, ಇಲ್ಲಿ?” ಎಂದು ಕೇಳಿದಳು ಕೂಡ. ಬಾಯಿ ತೆರೆದ. ಅವಳ ಬೆನ್ನ ಹಿಂದೆ ಬಾಗಿಲಲ್ಲಿ ಮಗ ನಿಂತಿದ್ದ, ಕೈಕಟ್ಟಿಕೊಂಡು, ಕಣ್ಣು ಕೀಲಿಸಿ. ಬೆಳಕು ಚುಚ್ಚುತ್ತಿತ್ತೋ ಏನೋ, ಎಡಗಣ್ಣು ಅರ್ಧ ಮುಚ್ಚಿತ್ತು. “ಏನಿಲ್ಲ ಮೇಡಂ, ಸುಮ್ನೆ ಬಂದೆ” ಎಂದ ಕ್ಷೌರಿಕ. ಅವಳು ಹತ್ತಿದ ಜೀಪು ಹೊರಟು ಹೋಯಿತು. ಇವನಿಗೆ ಏನು ಹೇಳೋಣ, ನೀವೇ ಹೇಳಿ! ಇಪ್ಪತ್ತೆರಡು ವರ್ಷ ಮುಚ್ಚಿಟ್ಟ ಬಾಯಿ, ಬೇಕಾದಾಗ ತೆರೆಯುವುದನ್ನೇ ಮರೆತಿತ್ತು.

ಮಧ್ಯಾಹ್ನ ಮನೆಗೆ ಹೋದ. ಒಂದು ಕೋಣೆ, ಒಂದು ಅಡುಗೆಮನೆ, ಮಂಚದ ಕೆಳಗೆ ಮಗನ ಹಳೇ ಪುಸ್ತಕಗಳ ಗಂಟು. ಹೆಂಡತಿ ಸಂಜೆಗೆಂದು ಇಬ್ಬರ ಬಟ್ಟೆಯನ್ನೂ ಇಸ್ತ್ರಿ ಮಾಡಿ ಮಂಚದ ಮೇಲೆ ಹರಡಿದ್ದಳು. ನೌಕರರ ಮನೆಯವರಿಗೂ ಪಂದ್ಯ ನೋಡಲು ಹಿಂದಿನ ಎರಡು ಸಾಲು ಬೆಂಚು ಬಿಟ್ಟುಕೊಟ್ಟಿದ್ದರು.

“ಮುಖ ಯಾಕ್ರೀ ಹಂಗಿದೆ?”

“ಬಿಸಿಲು.”

“ಫ್ಯಾನಿನ ಕೆಳಗೆ ನಿಂತೋರಿಗೆ ಎಂಥ ಬಿಸಿಲು?” ಎಂದು ಅವಳು ನಕ್ಕಳು. ಆಮೇಲೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, “ನಂಗೂ ಭಯ ಕಣ್ರೀ. ಎಂಟು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಆದ್ರೆ ಅವನು ಫೋನ್ ಮಾಡ್ದಾಗ ಮೂರು ಸಲವೂ ನಕ್ಕೊಂಡೇ ಮಾತಾಡಿದ್ದೀನಿ. ಹೆತ್ತೋರು ಹೆದರಿದ್ರೆ ಮಕ್ಕಳು ಹೇಗೆ ಕಾದಾಡ್ತಾರೆ ಹೇಳಿ” ಎಂದಳು. ಅವನು ತಟ್ಟೆಯಲ್ಲಿ ಕೈಯಾಡಿಸಿ ಎದ್ದ. ಹೇಳಬೇಕೆಂದುಕೊಂಡ ಮಾತು ಕೈ ತೊಳೆದ ನೀರಿನ ಜೊತೆಗೇ ಹೋಯಿತು.

ಸಂಜೆ ಐದಕ್ಕೆ ಕ್ರೀಡಾಂಗಣ ತುಂಬಿತ್ತು. ನಡುವೆ ಬಿಳಿ ಬಟ್ಟೆ ಹಾಸಿದ ರಿಂಗು, ಸುತ್ತ ಮೂರು ಹಗ್ಗ, ಮುಂದಿನ ಸಾಲಿನಲ್ಲಿ ಅಕಾಡೆಮಿಯ ಮುಖ್ಯಸ್ಥರಾದ ಕಮಾಂಡೆಂಟರು, ಅವರ ಪಕ್ಕದ ಮೇಜಿನಲ್ಲಿ ಡಾಕ್ಟರಮ್ಮ. ಮಗನ ಪಂದ್ಯ ಐದನೆಯದು. ಎದುರಾಳಿ ಇನ್ನೊಂದು ಕಂಪನಿಯ ‘ಬುಲ್ಡೋಜರ್’. ಸೆಮಿಫೈನಲ್ಲಿನಲ್ಲಿ ಅವನ ಏಟು ತಿಂದವನು ಎರಡು ದಿನ ಗಂಜಿ ಕುಡಿದುಕೊಂಡಿದ್ದ ಎಂದು ಪಕ್ಕದ ಬೆಂಚಿನ ಮಾಲಿ ಉತ್ಸಾಹದಿಂದ ವರ್ಣಿಸುತ್ತಿದ್ದ. ಅವನ ಬಾಯಿಗೆ ಬಟ್ಟೆ ತುರುಕಬೇಕೆನಿಸಿತು ಕ್ಷೌರಿಕನಿಗೆ.

ಮೊದಲ ಪಂದ್ಯ ಮುಗಿಯಿತು. ಎರಡನೆಯದರಲ್ಲಿ ಒಬ್ಬನ ತಲೆಗೆ ಏಟು ಬಿದ್ದ ಸದ್ದು ಹಿಂದಿನ ಬೆಂಚಿನವರೆಗೂ ಕೇಳಿತು. ಕ್ಷೌರಿಕನ ಬೆರಳಿಗೆ ಆ ಮೆತ್ತನೆಯ ಊತ ಮತ್ತೆ ತಾಗಿದಂತಾಯಿತು, ಬೆರಳನ್ನು ತೊಡೆಗೆ ಉಜ್ಜಿಕೊಂಡ. ನಾಲ್ಕನೆಯ ಪಂದ್ಯದ ಕೊನೆಯ ಸುತ್ತಿಗೆ ಗಂಟೆ ಹೊಡೆದಾಗ ಅವನಿಗೆ ಕೂತಿರಲಾಗಲಿಲ್ಲ, ಏಳಲೂ ಆಗಲಿಲ್ಲ.

“ಲೇ” ಎಂದ ಹೆಂಡತಿಗೆ.

“ಹೂಂ.”

“ಅವನ ತಲೇಲಿ ಊತ ಇದೆ ಕಣೇ. ಸೋಮವಾರ ಬಿದ್ದಿದಾನೆ. ವಾಂತಿ ಆಗ್ತಿದೆ. ಒಂದು ಕಣ್ಣು ಬೇರೆ ಥರ ಇದೆ. ಹಿಂದೆ ಒಬ್ಬ ಹುಡುಗನಿಗೆ ಹೀಗೇ ಇತ್ತು. ಅವನು ಹೋಗ್ಬಿಟ್ಟ.”

ಅವಳು ರಿಂಗಿನಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು. ಅಳಲಿಲ್ಲ, ಕೂಗಲಿಲ್ಲ.

“ಯಾವಾಗ ಗೊತ್ತಾಯ್ತು ನಿಮಗೆ?”

“ಬೆಳಿಗ್ಗೆ.”

“ಮತ್ತೆ ಇಲ್ಲಿ ಯಾಕೆ ಕೂತಿದೀರಿ?”

“ಹೇಳಿದ್ರೆ ಅವನನ್ನ ಮನೆಗೆ ಕಳಿಸ್ತಾರೆ ಕಣೇ. ಅವನ ಕನಸು...”

“ಮನೆಗೆ ತಾನೇ ಕಳಿಸೋದು?” ಎಂದಳು. “ನಮ್ಮನೆಗೇ ತಾನೇ? ಏಳ್ರೀ.”

ಅವನು ಎದ್ದ. ಬೆಂಚುಗಳ ನಡುವೆ ಮೂವತ್ತೆರಡು ಮೆಟ್ಟಿಲು. ನಾಲ್ಕನೆಯ ಪಂದ್ಯ ಆಗಲೇ ಮುಗಿಯುತ್ತ ಬಂದಿತ್ತು. ಮಧ್ಯದಲ್ಲಿ ಒಬ್ಬ ಪಹರೆಯವನು ಕೈ ಅಡ್ಡ ಹಿಡಿದು, “ಮುಂದೆ ಆಫೀಸರ್‌ಗಳ ಜಾಗ ಅಂಕಲ್” ಎಂದ. ಅಷ್ಟರಲ್ಲಿ ಗಂಟೆ ಹೊಡೆದು ನಾಲ್ಕನೆಯ ಪಂದ್ಯ ಮುಗಿಯಿತು. ಐದನೆಯವರ ಹೆಸರು ಕೂಗಿದರು. ಇಡೀ ಕ್ರೀಡಾಂಗಣ, “ಕತ್ತರಿ! ಕತ್ತರಿ!” ಎಂದು ಎದ್ದಿತು. ಮಗ ಹಗ್ಗದ ನಡುವೆ ನುಸುಳಿ ಒಳಗೆ ಬಂದ. ಬರುವಾಗ ಒಂದು ಹೆಜ್ಜೆ ತಪ್ಪಿ, ಹಗ್ಗ ಹಿಡಿದು ಸಾವರಿಸಿಕೊಂಡ. ಅದನ್ನು ಬೇರೆ ಯಾರೂ ಗಮನಿಸಲಿಲ್ಲ.

ಕ್ಷೌರಿಕ ಪಹರೆಯವನ ಕೈ ಕೆಳಗಿನಿಂದ ಬಗ್ಗಿ ಓಡಿದ. ಐವತ್ತು ದಾಟಿದ ಮನುಷ್ಯ, ಅಂಗಡಿಯ ಚಪ್ಪಲಿಯಲ್ಲಿ, ಕಮಾಂಡೆಂಟರ ಮುಂದೆ ಹಾದು ಓಡಿ ಡಾಕ್ಟರಮ್ಮನ ಮೇಜು ಹಿಡಿದುಕೊಂಡ.

“ಮೇಡಂ, ನಿಲ್ಸಿ. ಆ ಹುಡುಗನ ತಲೆ ಮುಟ್ಟಿ ನೋಡಿ.”

ಗದ್ದಲ ಹಂತಹಂತವಾಗಿ ಅಡಗಿತು. ರೆಫ್ರಿ ಕೈಯೆತ್ತಿ ನಿಂತ. ಉಸ್ತಾದ್ ರಿಂಗಿನ ಮೂಲೆಯಿಂದ ಜಿಗಿದು ಬಂದ. “ಏನಿದು? ಬೆಳಿಗ್ಗೆ ಹುಬ್ಬು ಕುಯ್ದಿದ್ದು ಸಾಲ್ದಾ?” ಎಂದು ಕಣ್ಣು ಕೆಂಪಗೆ ಮಾಡಿದವನು, ಡಾಕ್ಟರಮ್ಮನತ್ತ ತಿರುಗಿ, “ಮೇಡಂ, ಇವನು ಹುಡುಗನ ಅಪ್ಪ. ಅಪ್ಪಂದಿರ ಮಾತು ಕೇಳಿದ್ರೆ ಒಂದು ಪಂದ್ಯಾನೂ ನಡಿಯಲ್ಲ” ಎಂದ.

ಮಗ ಹಗ್ಗದ ಮೇಲೆ ಬಾಗಿದ. ಮುಖ ಬಿಳಿಚಿತ್ತು. “ಅವರಿಗೆ ಮೊದಲಿಂದ್ಲೂ ಹೆದರಿಕೆ ಮೇಡಂ. ನಂಗೇನೂ ಆಗಿಲ್ಲ” ಎಂದು ನಗಲು ನೋಡಿದ.

ಕಮಾಂಡೆಂಟರು ಏಳದೆಯೇ ಕೇಳಿದರು: “ಏನಪ್ಪಾ, ಹೆದರಿಕೆಯೋ?”

“ಹೆದರಿಕೆ ಇದೆ ಸಾರ್” ಎಂದ ಕ್ಷೌರಿಕ. “ಕೈಕಾಲು ನಡುಗ್ತಿದೆ, ನೋಡಿ. ಆದ್ರೆ ಅಪ್ಪನಾಗಿ ಹೇಳ್ತಿಲ್ಲ. ಇಪ್ಪತ್ತೆರಡು ವರ್ಷ ಈ ಅಕಾಡೆಮೀಲಿ ತಲೆ ಹಿಡಿದಿದೀನಿ. ಇಂಥ ತಲೆ ಒಂದ್ಸಲ ಹಿಡಿದಿದ್ದೆ, ಬಾಯಿ ಮುಚ್ಕೊಂಡಿದ್ದೆ, ಆ ಹುಡುಗ ಮೂರು ದಿನಕ್ಕೆ ಸತ್ತ. ಆ ಪಾಪ ನಂದು. ಹುಬ್ಬು ಕುಯ್ದಿದ್ದೂ ಬೇಕು ಅಂತಲೇ. ನನ್ನ ಕೆಲಸ ತೆಗೀರಿ, ಜೈಲಿಗೆ ಹಾಕಿ. ಮೊದಲು ಆ ಎಡಗಿವಿ ಹಿಂದೆ ಒಂದೇ ಒಂದು ಬೆರಳಿಟ್ಟು ನೋಡಿ.”

ಡಾಕ್ಟರಮ್ಮ ಆಗಲೇ ಎದ್ದಿದ್ದಳು. ಹಗ್ಗದ ಕೆಳಗೆ ನುಸುಳಿ ರಿಂಗಿನೊಳಗೆ ಹೋದಳು. ಮಗ ಹಿಂದೆ ಸರಿದ, ಅವಳು “ನಿಲ್ಲು” ಎಂದಳು, ನಿಂತ. ಬೆರಳಿಟ್ಟಳು. ಅವಳ ಮುಖ ಬದಲಾದದ್ದನ್ನು ಕ್ಷೌರಿಕ ಕೆಳಗಿನಿಂದಲೇ ಕಂಡ. ಜೇಬಿನಿಂದ ಸಣ್ಣ ಟಾರ್ಚು ತೆಗೆದು ಒಂದು ಕಣ್ಣಿಗೆ ಬಿಟ್ಟಳು, ಇನ್ನೊಂದಕ್ಕೆ ಬಿಟ್ಟಳು, ಮತ್ತೆ ಮೊದಲನೆಯದಕ್ಕೆ ಬಿಟ್ಟಳು. ಆಮೇಲೆ ತಿರುಗಿ, ಗಟ್ಟಿಯಾಗಿ, “ಸ್ಟ್ರೆಚರ್!” ಎಂದು ಕೂಗಿದಳು.

ಉಸ್ತಾದ್ ರಿಂಗಿಗೆ ಹತ್ತಿದ. ಅವನೇ ಹುಡುಗನ ಕೈಗವಸು ಬಿಚ್ಚಿದ. ಸ್ಟ್ರೆಚರಿನ ಮೇಲೆ ಮಲಗಿಸಿದ ಮಗನನ್ನು ಅಪ್ಪನ ಪಕ್ಕದಲ್ಲೇ ಹೊತ್ತುಕೊಂಡು ಹೋದರು. ಹುಡುಗನ ಕಣ್ಣಿನಿಂದ ನೀರು ಎರಡೂ ಕಿವಿಗೆ ಇಳಿಯುತ್ತಿತ್ತು.

“ಸಾಯಿಸ್ಬಿಟ್ರಿ ನನ್ನ” ಎಂದ ಅಪ್ಪನಿಗೆ. “ನೀವೇ ಸಾಯಿಸ್ಬಿಟ್ರಿ.”

ಅದಾದ ಮೇಲೆ ಆಂಬುಲೆನ್ಸಿನಲ್ಲಿ ಅವನು ಮಾತಾಡಲಿಲ್ಲ. ಅರ್ಧ ದಾರಿಯಲ್ಲಿ ಎಚ್ಚರ ತಪ್ಪಿತು.

ದೊಡ್ಡಾಸ್ಪತ್ರೆಯ ಶಸ್ತ್ರವೈದ್ಯ ವಯಸ್ಸಾದವನು. ಗಂಡ ಹೆಂಡತಿ ಇಬ್ಬರನ್ನೂ ಕಾರಿಡಾರಿನ ಬೆಂಚಿನಲ್ಲಿ ಕೂರಿಸಿ, ಸುತ್ತಿ ಬಳಸದೆ ಹೇಳಿದ. ತಲೆಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿದೆ, ದಿನದಿನಕ್ಕೂ ದೊಡ್ಡದಾಗುತ್ತ ಬಂದಿದೆ, ಈಗಲೇ ತೆಗೆಯಬೇಕು. “ಇನ್ನೊಂದು ಏಟು ಬಿದ್ದಿದ್ರೆ ಇಲ್ಲಿಗೆ ತರೋ ಕೆಲಸ ಇರ್ತಿರಲಿಲ್ಲ” ಎಂದ. ಜೀವ ಉಳಿಯಬಹುದು. ಆದರೆ ಹೆಪ್ಪು ಇರುವುದು ಎಡಗಡೆ, ಮಾತಿನ ಜಾಗದ ಮೇಲೆ. “ಮಾತು ಬರುತ್ತೋ ಇಲ್ವೋ, ಬಂದ್ರೂ ಎಷ್ಟು ಬರುತ್ತೆ, ನಿಮ್ಮನ್ನ ಗುರುತು ಹಿಡೀತಾನೋ ಇಲ್ವೋ, ಎಚ್ಚರ ಆದ್ಮೇಲೇ ಗೊತ್ತಾಗೋದು. ಈಗಲೇ ಏನೂ ಹೇಳಕ್ಕಾಗಲ್ಲ.” ಕಾಗದಕ್ಕೆ ಅಪ್ಪನ ಸಹಿ ಹಾಕಿಸಿಕೊಂಡು ಒಳಗೆ ಹೋದ.

ಅವರಿಬ್ಬರೂ ಅಲ್ಲೇ ಕೂತರು. ಕಾದದ್ದನ್ನು ಏನೆಂದು ಹೇಳುವುದು, ಶತ್ರುವಿಗೂ ಬೇಡ. ಶಸ್ತ್ರಕ್ರಿಯೆ ಮುಗಿದಿದೆ ಎಂದು ಒಬ್ಬ ನರ್ಸು ಬಂದು ಹೇಳಿದಳು, ಎಚ್ಚರವಾಗಿಲ್ಲ ಎಂದು ಇನ್ನೊಬ್ಬಳು ಬಂದು ಹೇಳಿದಳು. ಕ್ಷೌರಿಕನ ತಲೆಯಲ್ಲಿ ಒಂದೇ ಯೋಚನೆ ಗಿರಕಿ ಹೊಡೆಯುತ್ತಿತ್ತು: ಬೆಳಿಗ್ಗೆ ಒಂಬತ್ತಕ್ಕೆ ಗೊತ್ತಿತ್ತು, ಬಾಯಿ ಬಿಟ್ಟದ್ದು ಸಂಜೆ ಆರಕ್ಕೆ. ಆ ಒಂಬತ್ತು ಗಂಟೆಯಲ್ಲಿ ಹೆಪ್ಪು ಎಷ್ಟು ಬೆಳೆಯಿತೋ, ಮಗನ ಎಷ್ಟು ಮಾತು ತಿಂದುಹಾಕಿತೋ. ಅಪ್ಪಾ ಎನ್ನುವುದನ್ನೂ ತಿಂದಿದ್ದರೆ? ಹೆಂಡತಿಗೆ ಹೇಳಿದ. “ಸುಮ್ನಿರಿ” ಎಂದಳು ಅವಳು, ಮತ್ತೆ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬಿಗಿಯಾಗಿ ಹಿಡಿದಳು.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ನರ್ಸು ಬಾಗಿಲು ತೆರೆದು, “ಕಣ್ಣು ಬಿಟ್ಟಿದ್ದಾರೆ. ಇನ್ನೂ ಮಾತಾಡಿಲ್ಲ. ಒಬ್ಬರು ಮಾತ್ರ ಬನ್ನಿ” ಎಂದಳು. ಗಂಡ ಹೆಂಡತಿಯ ಕಡೆ ನೋಡಿದ. ಅವಳು ಏಳಲು ಹೋಗಿ ಮತ್ತೆ ಕುಸಿದಳು. “ನೀವು ಹೋಗಿ. ನಂಗೆ ಕಾಲು ಬರ್ತಿಲ್ಲ” ಎಂದಳು.

ಒಳಗೆ ಮಗ ಬಿಳಿ ಪಟ್ಟಿಯ ಕೆಳಗೆ ಚಿಕ್ಕವನಾಗಿ ಕಾಣುತ್ತಿದ್ದ. ಕಣ್ಣು ತೆರೆದಿತ್ತು, ಎರಡೂ ಕಣ್ಣಿನ ಕಪ್ಪು ಒಂದೇ ಸಮ ಇತ್ತು. ಆದರೆ ಆ ನೋಟ ಛಾವಣಿಯ ಮೇಲಿತ್ತು. ಕ್ಷೌರಿಕ ಮಂಚದ ಕಂಬಿ ಹಿಡಿದು, “ಮಗಾ” ಎಂದ. ನೋಟ ಕದಲಲಿಲ್ಲ. “ನಾನು ಕಣೋ” ಎಂದ. ಹುಡುಗ ನಿಧಾನಕ್ಕೆ ಕಣ್ಣು ಇಳಿಸಿ ಅವನನ್ನು ನೋಡಿದ, ಯಾರೋ ಅಪರಿಚಿತನನ್ನು ನೋಡುವಂತೆ, ಬಹಳ ಹೊತ್ತು ನೋಡಿದ. ತುಟಿ ಅಲುಗಿತು, ಸದ್ದು ಬರಲಿಲ್ಲ. ಮತ್ತೆ ಅಲುಗಿತು. ಕ್ಷೌರಿಕ ಬಗ್ಗಿ ಕಿವಿಯನ್ನು ಮಗನ ಬಾಯಿಯ ಹತ್ತಿರ ತಂದ. ಮಗ ಹೇಳುವುದನ್ನು ಹೇಳಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಅಪ್ಪ ಹೊರಗೆ ಬಂದ. ಹೆಂಡತಿ ಬೆಂಚಿನಲ್ಲೇ ಕೂತಿದ್ದಳು, ಅವನ ಮುಖ ನೋಡಲು ಧೈರ್ಯವಾಗದೆ ಅವನ ಚಪ್ಪಲಿಯನ್ನು ನೋಡುತ್ತಿದ್ದಳು.

“ಮಾತಾಡಿದ್ನಾ?”

“ಹೂಂ.”

“ಏನಂದ?”

ಅವನು ಗೋಡೆಗೆ ಒರಗಿದ. “ಹೋಗಿ ಅಪ್ಪಾ ಇಲ್ಲಿಂದ, ಇನ್ನು ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ, ಅಂದ.”

ಅವಳು ಥಟ್ಟನೆ ತಲೆ ಎತ್ತಿದಳು. “ಅಷ್ಟೂ ಅಂದ್ನಾ? ತೊದಲದೆ?”

“ಒಂದಕ್ಷರ ತೊದಲಲಿಲ್ಲ.”

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಅಳುವೋ ನಗುವೋ ತಿಳಿಯದ ದನಿಯಲ್ಲಿ, “ಇನ್ನೊಂದ್ಸಲ ಹೇಳ್ರೀ” ಎಂದಳು.

ಅವನು ಅವಳ ಪಕ್ಕದಲ್ಲಿ ಕೂತು, ಮಗ ಅಂದದ್ದನ್ನು ಅಕ್ಷರ ಬಿಡದೆ ಇನ್ನೊಂದು ಸಲ ಹೇಳಿದ.